ಸೈಬರ್ ಶಾಲೆಗೆ ಮನೆ ವಿಳಾಸ: ಪೆನ್ಸಿಲ್ವೇನಿಯಾದಲ್ಲಿ ವಾಸದ ಪುರಾವೆ ಮತ್ತು ತಕರಾರು – ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಮಕ್ಕಳನ್ನು ಆನ್‌ಲೈನ್ ಸಾರ್ವಜನಿಕ ಶಾಲೆಗೆ, ಅಂದರೆ ಸೈಬರ್ ಚಾರ್ಟರ್ ಶಾಲೆಗೆ, ಸೇರಿಸಿರುವ ಅಥವಾ ಸೇರಿಸಬೇಕೆಂದಿರುವ ಪೋಷಕರಿಗಾಗಿ ಇದನ್ನು ಬರೆದಿದೆ. ಓಹಾಯೊ, ಕ್ಯಾಲಿಫೋರ್ನಿಯಾದವರಿಗೆ ಕೊನೆಯ ಹೊತ್ತಿಗೆ ಒಂದು ಉತ್ತರವಿದೆ, ಉಳಿದದ್ದೆಲ್ಲ ಪೆನ್ಸಿಲ್ವೇನಿಯಾದ್ದು.

ಮಗು ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಓದುತ್ತದೆ. ಮನೆ ಎಲ್ಲಿದ್ದರೆ ಶಾಲೆಗೇನು?

ರಾಜ್ಯದೊಳಗೆ ಎಲ್ಲಿದ್ದರೂ ಪಾಠ ಒಂದೇ. ವಿಳಾಸ ಬೇಕಾಗಿರುವುದು ದುಡ್ಡಿನ ಲೆಕ್ಕಕ್ಕೆ. ಸೈಬರ್ ಚಾರ್ಟರ್ ಶಾಲೆ ಸಾರ್ವಜನಿಕ ಶಾಲೆ. ಪೋಷಕರಿಂದ ಬೋಧನಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಆ ಹಣ ಕೊಡುವುದು ಮಗು ವಾಸವಿರುವ ಸ್ಕೂಲ್ ಡಿಸ್ಟ್ರಿಕ್ಟು, ಅಂದರೆ ಆ ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ. ರಾಜ್ಯದಲ್ಲಿ ಇಂಥ 500 ಡಿಸ್ಟ್ರಿಕ್ಟುಗಳಿವೆ, ಒಂದೊಂದರ ದರವೂ ಬೇರೆ. ಡಿಸ್ಟ್ರಿಕ್ಟಿನ ಖರ್ಚಿನ ಲೆಕ್ಕದಿಂದ ಪಿಡಿಇ-363 ಎಂಬ ನಮೂನೆಯಲ್ಲಿ ತಲಾ ಒಬ್ಬ ವಿದ್ಯಾರ್ಥಿಯ ದರ ಹೊರಡುತ್ತದೆ. ವಿಶೇಷ ಶಿಕ್ಷಣದ ಮಕ್ಕಳಿಗೆ ದರ ಬೇರೆ, ಅದು ಸಾಮಾನ್ಯ ದರಕ್ಕಿಂತ ಬಹಳ ಹೆಚ್ಚು. ಈ ಹಣವನ್ನು ಡಿಸ್ಟ್ರಿಕ್ಟು ವರ್ಷಕ್ಕೆ 12 ಸಮ ಕಂತುಗಳಲ್ಲಿ, ತಿಂಗಳ 5ನೇ ತಾರೀಖಿನೊಳಗೆ ಕಟ್ಟಬೇಕು. ಕಟ್ಟದಿದ್ದರೆ ಶಾಲೆ ದಾಖಲೆ ಕೊಟ್ಟು ಕೇಳಬಹುದು. ಆಗ ರಾಜ್ಯದ ಶಿಕ್ಷಣ ಇಲಾಖೆ ಆ ಡಿಸ್ಟ್ರಿಕ್ಟಿಗೆ ಹೋಗಬೇಕಾದ ಅನುದಾನದಲ್ಲೇ ಮುರಿದು ಶಾಲೆಗೆ ಕೊಡುತ್ತದೆ.

ಒಂದು ಮಗುವಿನ ಮೇಲೆ ವರ್ಷಕ್ಕೆ ಸಾವಿರಾರು ಡಾಲರ್ ಹೋಗುವಾಗ, ‘ಈ ಮಗು ನಿಜವಾಗಿ ನಮ್ಮ ಗಡಿಯೊಳಗಿದೆಯೇ?’ ಎಂದು ಡಿಸ್ಟ್ರಿಕ್ಟು ಕೇಳುವುದು ಸಹಜ. ಕಾಗದ ಬಂದ ತಕ್ಷಣ ಪೋಷಕರು ಗಾಬರಿಯಾಗಿ ‘ಮಗುವಿನ ಸೀಟು ಹೋಯಿತು’ ಅಂದುಕೊಳ್ಳುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅದು ಸೀಟಿನ ಜಗಳವೇ ಅಲ್ಲ, ಬಿಲ್ಲು ಯಾರ ತಲೆಗೆ ಎಂಬ ಜಗಳ. ಇಷ್ಟು ನೆನಪಿದ್ದರೆ ಕೆಳಗಿನದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಯಾವ ಯಾವ ಕಾಗದ ನಡೆಯುತ್ತದೆ?

ರಾಜ್ಯ ಶಿಕ್ಷಣ ಇಲಾಖೆಯ ಮಾರ್ಗಸೂಚಿಯಲ್ಲಿ ಹೆಸರಿಸಿರುವುವು ಇವು: ಮನೆಯ ಕ್ರಯಪತ್ರ, ಬಾಡಿಗೆ ಕರಾರು (ಇಲ್ಲಿ ಇದನ್ನೇ ಲೀಸ್ ಎನ್ನುವುದು), ಈಚಿನ ಕರೆಂಟ್–ಗ್ಯಾಸ್–ನೀರಿನ ಬಿಲ್, ಈಚಿನ ಕ್ರೆಡಿಟ್ ಕಾರ್ಡ್ ಬಿಲ್, ಆಸ್ತಿ ತೆರಿಗೆ ಬಿಲ್, ಗಾಡಿಯ ರಿಜಿಸ್ಟ್ರೇಷನ್, ಡ್ರೈವಿಂಗ್ ಲೈಸೆನ್ಸ್, ಸಾರಿಗೆ ಇಲಾಖೆ ಕೊಡುವ ಗುರುತಿನ ಚೀಟಿ. ಒಂದಕ್ಕಿಂತ ಹೆಚ್ಚು ಕೇಳಬಹುದು. ಆದರೆ ಕುಟುಂಬದ ಪರಿಸ್ಥಿತಿ ನೋಡಿಕೊಂಡು ಸಡಿಲವಾಗಿ ನಡೆದುಕೊಳ್ಳಬೇಕು ಅಂತಲೂ ಅದೇ ಮಾರ್ಗಸೂಚಿ ಹೇಳುತ್ತದೆ. ‘ಕರೆಂಟ್ ಬಿಲ್ಲೇ ಬೇಕು, ಬೇರೆ ಏನೂ ಆಗಲ್ಲ’ ಎಂದು ಯಾರಾದರೂ ಹಟ ಹಿಡಿದರೆ ಈ ಮಾತನ್ನು ಬರವಣಿಗೆಯಲ್ಲಿ ನೆನಪಿಸಿ.

ನಮ್ಮ ಸಲಹೆ: ಎರಡು ಬಗೆಯ ಪುರಾವೆ ಇಟ್ಟುಕೊಳ್ಳಿ. ಒಂದು, ಮನೆಯ ಮೇಲೆ ನಿಮಗಿರುವ ಹಕ್ಕು ತೋರಿಸುವುದು (ಕ್ರಯಪತ್ರ ಅಥವಾ ಲೀಸ್). ಇನ್ನೊಂದು, ಆ ಮನೆಯಲ್ಲಿ ನೀವು ಈಗ ಇದ್ದೀರಿ ಎಂದು ತೋರಿಸುವುದು (ಕಳೆದ ತಿಂಗಳ ಬಿಲ್). ಲೀಸ್ ಒಂದೇ ಕೊಟ್ಟರೆ ‘ಸಹಿ ಮಾಡಿದ್ದೀರಿ ಸರಿ, ಇದ್ದೀರಾ?’ ಎಂಬ ಪ್ರಶ್ನೆ ಉಳಿಯುತ್ತದೆ. ಬಿಲ್ ಒಂದೇ ಕೊಟ್ಟರೆ ‘ಬಾಡಿಗೆಗೆ ಕೊಟ್ಟ ಮನೆಯ ಬಿಲ್ಲೂ ನಿಮ್ಮ ಹೆಸರಲ್ಲೇ ಇರಬಹುದಲ್ಲ?’ ಎನ್ನುತ್ತಾರೆ.

ಕರೆಂಟ್, ನೀರು ಎಲ್ಲ ಬಾಡಿಗೆಯಲ್ಲೇ ಸೇರಿದೆ. ನನ್ನ ಹೆಸರಲ್ಲಿ ಒಂದು ಬಿಲ್ಲೂ ಇಲ್ಲ.

ಅಪಾರ್ಟ್‌ಮೆಂಟ್‌ನಲ್ಲಿರುವ ಅರ್ಧ ಜನರ ಕಥೆ ಇದೇ. ಬಾಡಿಗೆದಾರರ ವಿಮೆಯ ಮೊದಲ ಪುಟ, ಇಂಟರ್ನೆಟ್ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಲೀಸಿಂಗ್ ಕಚೇರಿಯಿಂದ ತಾರೀಖು ಹಾಕಿದ ಪತ್ರ – ಇವುಗಳಲ್ಲಿ ಎರಡು ಕೊಡಿ. ಫೋನ್ ಬಿಲ್ ಬೇಡ; ಮೊಬೈಲ್ ಬಿಲ್ ಯಾವ ವಿಳಾಸಕ್ಕೆ ಬೇಕಾದರೂ ಬರುತ್ತದೆ ಎಂದು ಬಹಳ ಕಡೆ ತಳ್ಳಿಹಾಕುತ್ತಾರೆ. ಕೊಡುವ ಮುಂಚೆ ಖಾತೆ ಸಂಖ್ಯೆ, ಖರ್ಚಿನ ವಿವರ ಕಪ್ಪು ಮಸಿಯಿಂದ ಅಳಿಸಿ. ಹೆಸರು, ವಿಳಾಸ, ತಾರೀಖು ಮಾತ್ರ ಅಳಿಸಬೇಡಿ.

ಪುರಾವೆ ಕೊಟ್ಟರೂ ವಾಪಸ್ ಬಂತು. ಏನು ತಪ್ಪಿರಬಹುದು?

ಸಾಮಾನ್ಯವಾಗಿ ಸಣ್ಣ ತಪ್ಪೇ. ಫ್ಲ್ಯಾಟ್ ನಂಬರ್ ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ಲೀಸಿನ ಅವಧಿ ಮುಗಿದು ತಿಂಗಳಿಂದ ತಿಂಗಳಿಗೆ ನಡೆಯುತ್ತಿದೆ, ಆದರೆ ನೀವು ಕಳಿಸಿದ್ದು ಹಳೆಯ ಲೀಸು. ಲೀಸಿನ ಮೊದಲ ಪುಟ ಸ್ಕ್ಯಾನ್ ಮಾಡಿದ್ದೀರಿ, ಸಹಿ ಇರುವ ಕೊನೆಯ ಪುಟ ಬಿಟ್ಟಿದ್ದೀರಿ. ಲೀಸಿನಲ್ಲಿ ವಾಸ ಇರುವವರ ಪಟ್ಟಿ ಇರುತ್ತದಲ್ಲ, ಅದರಲ್ಲಿ ಮಗುವಿನ ಹೆಸರಿಲ್ಲ. ಮಗು ಹುಟ್ಟುವ ಮುಂಚೆ ಮಾಡಿದ ಲೀಸನ್ನೇ ವರ್ಷ ವರ್ಷ ಮುಂದುವರಿಸಿಕೊಂಡು ಬಂದವರಲ್ಲಿ ಇದು ಮಾಮೂಲು. ವಿಳಾಸದ ಜಾಗದಲ್ಲಿ ಪೋಸ್ಟ್ ಬಾಕ್ಸ್ ಬರೆದಿದ್ದೀರಿ. ಟಪಾಲಿಗೆ ಅದು ಸರಿ, ವಾಸಕ್ಕೆ ಆಗಲ್ಲ.

ಕನ್ನಡಿಗರ ಮನೆಗಳಲ್ಲಿ ಇನ್ನೊಂದು ತೊಡಕು: ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಕೂರುತ್ತದೆ. ಲೀಸಿನಲ್ಲಿ ಊರಿನ ಇನಿಷಿಯಲ್ಲು, ಬಿಲ್ಲಿನಲ್ಲಿ ಅದನ್ನು ಬಿಡಿಸಿ ಬರೆದದ್ದು, ಲೈಸೆನ್ಸಿನಲ್ಲಿ ‘ಎಫ್‌ಎನ್‌ಯು’, ಮಗುವಿನ ಜನನ ಪತ್ರದಲ್ಲಿ ಅಪ್ಪನ ಹೆಸರೇ ಸರ್‌ನೇಮು. ನೋಡುವ ಗುಮಾಸ್ತರಿಗೆ ಇವರು ನಾಲ್ಕು ಬೇರೆ ಬೇರೆ ಜನ. ಇದಕ್ಕೆ ಅರ್ಧ ಪುಟದ ಒಂದು ವಿವರಣೆ ಬರೆದು ಪುರಾವೆಗಳ ಮೇಲೆ ಲಗತ್ತಿಸಿ: ಯಾವ ದಾಖಲೆಯಲ್ಲಿ ಹೆಸರು ಹೇಗಿದೆ, ಎಲ್ಲವೂ ಒಬ್ಬರದ್ದೇ, ಮಗುವಿನ ಜನನ ಪತ್ರದಲ್ಲಿ ಪೋಷಕರ ಹೆಸರು ಹೀಗೆ ಬಂದಿದೆ ಎಂದು. ಸಾಧ್ಯವಾದರೆ ನೋಟರಿ ಮುಂದೆ ಸಹಿ ಮಾಡಿ. ಒಂದು ಸಲ ಮಾಡಿಟ್ಟ ಈ ಕಾಗದ ಮಗು 12ನೇ ತರಗತಿ ಮುಗಿಸುವವರೆಗೂ ಕೆಲಸಕ್ಕೆ ಬರುತ್ತದೆ.

ನಮ್ಮದು ‘ಪಿಟ್ಸ್‌ಬರ್ಗ್’ ವಿಳಾಸ. ಹಾಗಾದರೆ ಪಿಟ್ಸ್‌ಬರ್ಗ್ ಡಿಸ್ಟ್ರಿಕ್ಟು ತಾನೆ?

ಹೆಚ್ಚಿನ ತಕರಾರು ಹುಟ್ಟುವುದು ಇಲ್ಲೇ, ಅದರಲ್ಲಿ ಪೋಷಕರ ಮೋಸವೇನೂ ಇರುವುದಿಲ್ಲ. ಅಂಚೆ ಕಚೇರಿಯ ಊರಿನ ಹೆಸರು, ಪುರಸಭೆ, ಸ್ಕೂಲ್ ಡಿಸ್ಟ್ರಿಕ್ಟು – ಇವು ಮೂರು ಬೇರೆ ಬೇರೆ ಗೆರೆಗಳು. ಪಿಟ್ಸ್‌ಬರ್ಗ್‌ನ ಬಾಲಾಜಿ ದೇವಸ್ಥಾನಕ್ಕೆ ಹೋದವರು ವಿಳಾಸ ನೋಡಿರುತ್ತೀರಿ: ಪಿಟ್ಸ್‌ಬರ್ಗ್ 15235. ಆದರೆ ಆ ಗುಡ್ಡ ಇರುವುದು ಬೇರೆಯೇ ಪುರಸಭೆಯಾದ ಪೆನ್ ಹಿಲ್ಸ್‌ನಲ್ಲಿ. ಅಲ್ಲಿಯ ಮಕ್ಕಳಿಗೆ ಪೆನ್ ಹಿಲ್ಸ್ ಸ್ಕೂಲ್ ಡಿಸ್ಟ್ರಿಕ್ಟು. ಒಂದೇ ಪಿನ್‌ಕೋಡಿನೊಳಗೂ ಗೆರೆ ಹಾದುಹೋಗುತ್ತದೆ: 15237ರಲ್ಲಿ ರಾಸ್ ಟೌನ್‌ಶಿಪ್ ಕಡೆಯವರು ನಾರ್ತ್ ಹಿಲ್ಸ್ ಡಿಸ್ಟ್ರಿಕ್ಟಿಗೆ, ಮ್ಯಾಕ್‌ಕ್ಯಾಂಡ್‌ಲೆಸ್ ಕಡೆಯವರು ನಾರ್ತ್ ಅಲೆಘೆನಿಗೆ.

ಸರಿಯಾದ ಉತ್ತರ ಸಿಗುವುದು ತೆರಿಗೆ ಕಾಗದದಲ್ಲಿ. ಪೆನ್ಸಿಲ್ವೇನಿಯಾದಲ್ಲಿ ಸ್ಥಳೀಯ ಆದಾಯ ತೆರಿಗೆಗಾಗಿ ಪ್ರತಿ ವಿಳಾಸಕ್ಕೂ ಪಿಎಸ್‌ಡಿ ಕೋಡ್ ಎಂಬ ಆರಂಕಿಯ ಸಂಖ್ಯೆ ಇದೆ. ಮೊದಲ ಎರಡು ಅಂಕಿ ತೆರಿಗೆ ವಸೂಲಿ ವಲಯ, ಮೊದಲ ನಾಲ್ಕು ಸೇರಿದರೆ ಸ್ಕೂಲ್ ಡಿಸ್ಟ್ರಿಕ್ಟು, ಆರೂ ಸೇರಿದರೆ ಪುರಸಭೆ. ರಾಜ್ಯದ ಸಮುದಾಯ ಮತ್ತು ಆರ್ಥಿಕ ಅಭಿವೃದ್ಧಿ ಇಲಾಖೆಯ ಜಾಲತಾಣದಲ್ಲಿ ಮನೆ ನಂಬರು, ಬೀದಿ, ಪಿನ್‌ಕೋಡ್ ಹಾಕಿದರೆ ಕೋಡ್ ಜೊತೆಗೆ ಡಿಸ್ಟ್ರಿಕ್ಟಿನ ಹೆಸರೂ ಬರುತ್ತದೆ. ಆ ಪುಟವನ್ನು ತಾರೀಖು ಕಾಣುವ ಹಾಗೆ ಪ್ರಿಂಟ್ ತೆಗೆದು, ಶಾಲೆಯ ಅರ್ಜಿಯ ಜೊತೆಗೇ ಇಡಿ. ಕೆಲಸಕ್ಕೆ ಸೇರುವಾಗ ಕಂಪನಿಯಲ್ಲಿ ತುಂಬಿದ ವಾಸ ದೃಢೀಕರಣ ನಮೂನೆಯಲ್ಲೂ ಇದೇ ಕೋಡ್ ಇರುತ್ತದೆ. ಮನೆ ಬದಲಿಸಿದ ಮೇಲೆ ಅದನ್ನು ತಿದ್ದಿಸದೆ ಬಿಟ್ಟಿದ್ದರೆ ಮೊದಲು ತಿದ್ದಿಸಿ. ನಿಮ್ಮ ತೆರಿಗೆ ಒಂದು ಡಿಸ್ಟ್ರಿಕ್ಟಿಗೆ, ಮಗುವಿನ ಬಿಲ್ಲು ಇನ್ನೊಂದು ಡಿಸ್ಟ್ರಿಕ್ಟಿಗೆ ಹೋಗುತ್ತಿದ್ದರೆ ತಕರಾರು ಕರೆದು ತಂದಂತೆ.

ತಕರಾರು ಬಂದಾಗ ಕ್ರಮ ಹೇಗೆ ನಡೆಯುತ್ತದೆ?

ಸೈಬರ್ ಚಾರ್ಟರ್ ಶಾಲೆಗಳಿಗೆ ಪ್ರತ್ಯೇಕ ನಿಯಮ ತಂದದ್ದು 2002ರ 88ನೇ ಕಾಯ್ದೆ. ಅದು ಹಾಕಿಕೊಟ್ಟ ದಾರಿಯನ್ನು ಒಂದು ಕಾಲ್ಪನಿಕ ತಾರೀಖಿನೊಂದಿಗೆ ನೋಡೋಣ.

ಮಗು ಸೇರಿದ್ದು ಆಗಸ್ಟ್ 25. ಅಲ್ಲಿಂದ 15 ದಿನದೊಳಗೆ, ಅಂದರೆ ಸೆಪ್ಟೆಂಬರ್ 9ರೊಳಗೆ, ಮಗು ಸೇರಿದ ಸುದ್ದಿ ಡಿಸ್ಟ್ರಿಕ್ಟಿಗೆ ಮುಟ್ಟಬೇಕು. ಇದಕ್ಕೆ ನಿಗದಿತ ನಮೂನೆ ಇದೆ: ಮಗುವಿನ ಹೆಸರು, ಮನೆ ವಿಳಾಸ, ಟಪಾಲು ವಿಳಾಸ, ತರಗತಿ, ಸೇರಿದ ದಿನ, ಶಾಲೆಯ ವಿವರ, ಪೋಷಕರ ಸಹಿ, ಶಾಲೆಯ ಪರವಾಗಿ ಒಬ್ಬರ ಸಹಿ. ನಮೂನೆಯನ್ನು ಶಾಲೆಯೇ ಕಳಿಸುತ್ತದೆ, ಆದರೆ ಕಾಯ್ದೆ ಪೋಷಕರನ್ನೂ ಹೊಣೆ ಮಾಡಿದೆ. ಹಾಗಾಗಿ ‘ಕಳಿಸಿದಿರಾ? ಪ್ರತಿ ಕೊಡಿ’ ಎಂದು ಕೇಳುವುದು ನಿಮ್ಮ ಕೆಲಸ.

ಡಿಸ್ಟ್ರಿಕ್ಟಿಗೆ ಅದು 9ರಂದು ತಲುಪಿತು ಅಂದುಕೊಳ್ಳಿ. ‘ಈ ಮಗು ನಮ್ಮದಲ್ಲ’ ಅನ್ನಿಸಿದರೆ 7 ದಿನದೊಳಗೆ, 16ರೊಳಗೆ, ಶಾಲೆಗೂ ರಾಜ್ಯದ ಇಲಾಖೆಗೂ ತಿಳಿಸಬೇಕು. ಬರೀ ‘ಅಲ್ಲ’ ಅಂದರೆ ಸಾಲದು, ಯಾಕೆ ಅಲ್ಲ ಎಂಬ ಆಧಾರ ಬರೆಯಬೇಕು. ಶಾಲೆ ಮುಂದಿನ 7 ದಿನದಲ್ಲಿ, 23ರೊಳಗೆ, ಪರಿಶೀಲಿಸಿ ಡಿಸ್ಟ್ರಿಕ್ಟಿಗೆ ಉತ್ತರ ಕೊಟ್ಟು, ಅದರ ಪ್ರತಿಯನ್ನು ಇಲಾಖೆಗೆ ಕಳಿಸಬೇಕು. ‘ಹೌದು, ನಿಮ್ಮದಲ್ಲ’ ಎಂದು ಒಪ್ಪಿದರೆ, ಸರಿಯಾದ ಡಿಸ್ಟ್ರಿಕ್ಟು ಯಾವುದೆಂದು ಗೊತ್ತು ಮಾಡಿಕೊಂಡ ಮೇಲೆಯೇ ಬೇರೆಯವರಿಗೆ ಬಿಲ್ ಹಾಕಬೇಕು. ಒಪ್ಪದಿದ್ದರೆ ಡಿಸ್ಟ್ರಿಕ್ಟು ಮತ್ತೆ 7 ದಿನದಲ್ಲಿ, 30ರೊಳಗೆ, ತನ್ನ ನಿಲುವು ತಿಳಿಸಬೇಕು. ಆಗಲೂ ಒಮ್ಮತವಾಗದಿದ್ದರೆ ಇಲಾಖೆಗೆ ಮೇಲ್ಮನವಿ. ಇಲಾಖೆಯ ತೀರ್ಮಾನದ ಮೇಲೆ ರಾಜ್ಯದ ಮೇಲ್ಮನವಿ ನ್ಯಾಯಾಲಯವಾದ ಕಾಮನ್‌ವೆಲ್ತ್ ಕೋರ್ಟಿಗೆ ಹೋಗಬಹುದು.

ಈ ಇಡೀ ಅವಧಿಯಲ್ಲಿ ಡಿಸ್ಟ್ರಿಕ್ಟು ಹಣ ಕಟ್ಟುತ್ತಲೇ ಇರಬೇಕು. ಕೊನೆಗೆ ಡಿಸ್ಟ್ರಿಕ್ಟೇ ಗೆದ್ದರೆ ಶಾಲೆ ಆ ಮಗುವಿನ ಹಣವನ್ನೆಲ್ಲ 30 ದಿನದೊಳಗೆ ಹಿಂದಿರುಗಿಸಬೇಕು. ಮಗುವಿನ ಪಾಠ ನಿಲ್ಲಿಸಿ ಕಾಯಿಸಲು ಈ ಕ್ರಮದಲ್ಲಿ ಎಲ್ಲೂ ಅವಕಾಶವಿಲ್ಲ.

ಇದರಲ್ಲಿ ಪೋಷಕರ ಪಾತ್ರ ಏನು? ನಮ್ಮನ್ನು ಯಾರೂ ಕೇಳಲೇ ಇಲ್ಲ.

ಕಾಯ್ದೆಯ ಪ್ರಕಾರ ವಾದಿ–ಪ್ರತಿವಾದಿಗಳು ಡಿಸ್ಟ್ರಿಕ್ಟು ಮತ್ತು ಶಾಲೆ. ಆದರೆ ಶಾಲೆಯ ಕೈಯಲ್ಲಿ ಇರುವ ಆಯುಧ ನೀವು ಕೊಟ್ಟ ಕಾಗದ ಮಾತ್ರ, ಅದಕ್ಕೂ ಸಿಗುವುದು ಏಳೇ ದಿನ. ಆದ್ದರಿಂದ ಶಾಲೆಯಿಂದ ‘ವಾಸದ ಪುರಾವೆ ಮತ್ತೆ ಕಳಿಸಿ’ ಎಂಬ ಇ-ಮೇಲ್ ಬಂದರೆ ವಾರಾಂತ್ಯಕ್ಕೆ ನೋಡೋಣ ಎಂದು ಬಿಡಬೇಡಿ. ಮೊದಲ ದಿನ ಡಿಸ್ಟ್ರಿಕ್ಟು ಬರೆದ ಕಾರಣದ ಪ್ರತಿ ಕೇಳಿ. ಅದನ್ನು ನೋಡದೆ ಉತ್ತರ ಬರೆದರೆ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಂತಾಗುತ್ತದೆ. ಮಗುವಿನ ಶಾಲಾ ದಾಖಲೆ ನೋಡುವ ಹಕ್ಕು 1974ರ ಫೆರ್ಪಾ ಕಾಯ್ದೆಯಿಂದ ಪೋಷಕರಿಗೆ ಬಂದಿದೆ, ಆದರೆ ಅದಕ್ಕೆ ಶಾಲೆ 45 ದಿನದವರೆಗೂ ಸಮಯ ತೆಗೆದುಕೊಳ್ಳಬಹುದು; ಏಳು ದಿನದ ಆಟದಲ್ಲಿ ಕಾಯ್ದೆ ಉಲ್ಲೇಖಿಸುವುದಕ್ಕಿಂತ ಫೋನ್ ಮಾಡಿ ವಿನಯವಾಗಿ ಕೇಳುವುದು ಬೇಗ ಆಗುತ್ತದೆ.

ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದಿರುತ್ತದೆ. ವಿಳಾಸವೇ ಗಡಿಯ ಹೊರಗಿದೆ: ಪಿಎಸ್‌ಡಿ ಕೋಡಿನ ಪುಟ, ಆಸ್ತಿ ತೆರಿಗೆ ಬಿಲ್ ಕೊಡಿ. ಟಪಾಲು ವಾಪಸ್ ಬಂದಿದೆ: ಫ್ಲ್ಯಾಟ್ ನಂಬರ್ ತಪ್ಪಿರುತ್ತದೆ, ಅಥವಾ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲ. ಮನೆಗೆ ಬಂದು ನೋಡಿದಾಗ ಯಾರೂ ಇರಲಿಲ್ಲ, ಅಥವಾ ಅಲ್ಲಿ ಬೇರೆ ಯಾರೋ ಇದ್ದರು: ಇದಕ್ಕೆ ಎರಡು ಮೂರು ತಿಂಗಳ ಬಿಲ್, ಮನೆ ಮಾಲೀಕರ ಪತ್ರ, ಜೊತೆಗೆ ವಾಸ ಇರುವವರ ಪತ್ರ ಬೇಕಾಗುತ್ತದೆ.

ಶಾಲೆಗೆ ಬರೆಯುವ ಪತ್ರ ಚಿಕ್ಕದಿರಲಿ: ಮಗುವಿನ ಹೆಸರು, ಈ ವಿಳಾಸದಲ್ಲಿ ಯಾವ ತಾರೀಖಿನಿಂದ ಇದ್ದೀರಿ, ಯಾರ್ಯಾರು ಇದ್ದೀರಿ, ಡಿಸ್ಟ್ರಿಕ್ಟು ಕೊಟ್ಟ ಕಾರಣಕ್ಕೆ ಒಂದೆರಡು ಸಾಲಿನ ಉತ್ತರ, ಲಗತ್ತಿಸಿದ ಕಾಗದಗಳ ಪಟ್ಟಿ. ಕೋಪವನ್ನು ಬರೆಯಬೇಡಿ. ಆ ಪತ್ರ ಮುಂದೆ ಇಲಾಖೆಯ ಕಡತಕ್ಕೆ ಹೋಗುತ್ತದೆ. ಅಲ್ಲಿ ಓದುವವರು ಹುಡುಕುವುದು ತಾರೀಖು ಮತ್ತು ವಿಳಾಸವನ್ನು.

ತಕರಾರಿನಲ್ಲಿ ಡಿಸ್ಟ್ರಿಕ್ಟು ಗೆದ್ದರೆ ಮಗು ಶಾಲೆ ಬಿಡಬೇಕಾ?

ನೀವು ಪೆನ್ಸಿಲ್ವೇನಿಯಾದ ಬೇರೆ ಡಿಸ್ಟ್ರಿಕ್ಟಿನಲ್ಲಿದ್ದೀರಿ ಎಂದಾದರೆ ಬಿಡಬೇಕಿಲ್ಲ. ಸೈಬರ್ ಚಾರ್ಟರ್ ಶಾಲೆ ಇಡೀ ರಾಜ್ಯದ ಮಕ್ಕಳಿಗೆ. ಹೊಸ ನಮೂನೆ ಸರಿಯಾದ ಡಿಸ್ಟ್ರಿಕ್ಟಿಗೆ ಹೋಗುತ್ತದೆ, ಬಿಲ್ಲು ಅಲ್ಲಿಗೆ ತಿರುಗುತ್ತದೆ. ರಾಜ್ಯದಲ್ಲೇ ವಾಸ ಇಲ್ಲ ಎಂದಾದರೆ ಮಾತ್ರ ಸೀಟು ಹೋಗುತ್ತದೆ.

‘ವಾಸ’ ಅಂದರೆ ಕಾಯಂ ಮನೆಯಾ, ಈಗ ಇರುವ ಮನೆಯಾ?

ಈಗ ನಿಜವಾಗಿ ಇರುವ ಮನೆ. 2000ದಲ್ಲಿ ಕಂಬರ್‌ಲ್ಯಾಂಡ್ ವ್ಯಾಲಿ ಡಿಸ್ಟ್ರಿಕ್ಟಿನ ಪ್ರಕರಣವೊಂದರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು ಶಾಲಾ ಕಾಯ್ದೆಯ ‘ವಾಸ’ ಎಂಬ ಪದಕ್ಕೆ ಇದೇ ಅರ್ಥ ಕೊಟ್ಟಿತು: ಕಾಯಂ ನೆಲೆಯಾಗಿರಬೇಕಿಲ್ಲ, ವಾಸ್ತವವಾಗಿ ಅಲ್ಲಿ ಇದ್ದರೆ ಸಾಕು. ಬೇರೆಡೆ ಸ್ವಂತ ಮನೆ ಇದೆ ಎಂಬುದೊಂದೇ ನಿಮ್ಮ ವಿರುದ್ಧ ಹೋಗುವುದಿಲ್ಲ. ಅದೇ ರೀತಿ, ಮನೆ ಕೊಂಡು ಬಾಡಿಗೆಗೆ ಬಿಟ್ಟು ಬೇರೆಡೆ ಇದ್ದರೆ ಕ್ರಯಪತ್ರ ತೋರಿಸಿ ಗೆಲ್ಲುವುದಕ್ಕೂ ಆಗುವುದಿಲ್ಲ.

ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ ಇದ್ದರೆ?

ಮಗು ಹೆಚ್ಚು ದಿನ ಯಾರ ಹತ್ತಿರ ಇರುತ್ತದೋ ಅವರ ಡಿಸ್ಟ್ರಿಕ್ಟು. ಕೋರ್ಟಿನ ಆದೇಶ ಅಥವಾ ಕೋರ್ಟು ಒಪ್ಪಿದ ಕರಾರು ಬೇರೆ ಹೇಳಿದ್ದರೆ ಅದರಂತೆ. ಸಮಪಾಲಾಗಿದ್ದರೆ ಆ ಶಾಲಾ ವರ್ಷಕ್ಕೆ ಯಾವುದೆಂದು ಪೋಷಕರೇ ಆರಿಸಬಹುದು.

ಮಗು ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತದೆ. ಇದಕ್ಕೆ ಯಾವ ಕಾಗದ?

ಶಾಲಾ ಕಾಯ್ದೆಯ 1302ನೇ ಸೆಕ್ಷನ್ನಿನ ಪ್ರಮಾಣಪತ್ರ. ಮಗುವನ್ನು ಇಟ್ಟುಕೊಂಡವರು ಮೂರು ವಿಷಯಕ್ಕೆ ಪ್ರಮಾಣ ಮಾಡಬೇಕು: ಮಗುವನ್ನು ಹಣ ತೆಗೆದುಕೊಳ್ಳದೆ ಸಾಕುತ್ತಿದ್ದೇನೆ, ಶಾಲೆಗೆ ಸಂಬಂಧಿಸಿದ ಎಲ್ಲ ಜವಾಬ್ದಾರಿ ನನ್ನದು, ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರವಲ್ಲ, ನಿರಂತರವಾಗಿ ಇಟ್ಟುಕೊಳ್ಳುತ್ತೇನೆ. ಮೂರನೆಯದರಲ್ಲೇ ಜನ ಜಾರುವುದು. ‘ರಜೆಗೆ ಅಪ್ಪ ಅಮ್ಮನ ಮನೆ, ಶಾಲೆಗೆ ಚಿಕ್ಕಪ್ಪನ ಮನೆ’ ಎಂಬ ಏರ್ಪಾಟು ಇದರಲ್ಲಿ ಕೂರುವುದಿಲ್ಲ. ಗೊತ್ತಿದ್ದೂ ಸುಳ್ಳು ಪ್ರಮಾಣ ಮಾಡಿದರೆ 300 ಡಾಲರ್‌ವರೆಗೆ ದಂಡ, ಅಥವಾ 240 ಗಂಟೆಯವರೆಗೆ ಸಮುದಾಯ ಸೇವೆ, ಅಥವಾ ಎರಡೂ. ಜೊತೆಗೆ ಕೋರ್ಟಿನ ಖರ್ಚು, ಅಷ್ಟು ದಿನದ ಶಾಲಾ ಖರ್ಚು ಅವರ ಮೇಲೇ. ದಂಡ ಸಣ್ಣದು ಅನ್ನಿಸಬಹುದು, ಆದರೆ ಶಾಲಾ ಖರ್ಚು ಸಾವಿರಗಳಲ್ಲಿ ಬರುತ್ತದೆ.

ಊರಿನಿಂದ ಅಣ್ಣನ ಮಗನನ್ನೋ ಅಕ್ಕನ ಮಗಳನ್ನೋ ಸಂದರ್ಶಕ ವೀಸಾದಲ್ಲಿ ಕರೆಸಿಕೊಂಡು ಇಲ್ಲೇ ಓದಿಸಬೇಕು ಎಂಬ ಯೋಚನೆ ಇದ್ದರೆ ಬಿಟ್ಟುಬಿಡಿ. ಶಾಲೆ ವೀಸಾ ಕೇಳುವುದಿಲ್ಲ ನಿಜ, ಆದರೆ ಸಂದರ್ಶಕ ವೀಸಾದಲ್ಲಿ ಬಂದವರು ಶಾಲೆಗೆ ಸೇರಿ ಓದುವುದಕ್ಕೆ ಒಕ್ಕೂಟ ಸರ್ಕಾರದ ವಲಸೆ ನಿಯಮದಲ್ಲಿ ಅನುಮತಿ ಇಲ್ಲ. ಪೆಟ್ಟು ಬೀಳುವುದು ಮುಂದೆ ಆ ಮಗುವಿನ ವೀಸಾ ಅರ್ಜಿಗೆ.

ವೀಸಾ, ಐ-94 (ದೇಶದೊಳಗೆ ಬಂದ ದಾಖಲೆ), ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳಿದರು. ಕೊಡಬೇಕಾ?

ಬೇಕಿಲ್ಲ. ಶಾಲಾ ಪ್ರವೇಶಕ್ಕೆ ಮಗುವಿನದ್ದಾಗಲಿ ಪೋಷಕರದ್ದಾಗಲಿ ವೀಸಾ ಕೇಳುವಂತಿಲ್ಲ, ಸೋಷಿಯಲ್ ಸೆಕ್ಯುರಿಟಿ ನಂಬರನ್ನೂ ಕೇಳುವಂತಿಲ್ಲ. ಮಗುವಿನ ಪ್ರವೇಶವನ್ನು ವಲಸೆ ಸ್ಥಿತಿಗೆ ಕಟ್ಟಿಹಾಕಬಾರದು ಎಂದು ರಾಜ್ಯದ ನಿಯಮಾವಳಿಯೇ ಹೇಳುತ್ತದೆ. ಅದರ ಹಿಂದಿರುವುದು 1982ರ ಪ್ಲೈಲರ್ ಮತ್ತು ಡೋ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು. ಎಚ್-1ಬಿ (ಕೆಲಸದ ವೀಸಾ) ಮುಗಿದಿದೆಯೇ, ಎಚ್-4 (ಅವರ ಕುಟುಂಬದವರ ವೀಸಾ) ವಿಸ್ತರಣೆ ಬಾಕಿ ಇದೆಯೇ ಎಂಬುದು ವಾಸದ ಪುರಾವೆಯ ಪ್ರಶ್ನೆಯೇ ಅಲ್ಲ. ನಮ್ಮವರು ಅಭ್ಯಾಸಬಲದಿಂದ ಕೇಳದಿದ್ದರೂ ಪಾಸ್‌ಪೋರ್ಟ್, ವೀಸಾ, ಐ-797 (ವಲಸೆ ಇಲಾಖೆಯ ಪತ್ರ) ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಅಪ್‌ಲೋಡ್ ಮಾಡುತ್ತಾರೆ, ಹಾಗೆ ಮಾಡಬೇಡಿ. ವಯಸ್ಸಿಗೆ ಜನನ ಪತ್ರ, ಜೊತೆಗೆ ಲಸಿಕೆಯ ದಾಖಲೆ, ವಾಸದ ಪುರಾವೆ – ಇಷ್ಟರ ಆಚೆಗೆ ಶಾಲೆ ತಾನೇ ಕೊಡುವ ನಮೂನೆಗಳನ್ನು ತುಂಬಿದರೆ ಸಾಕು.

ಬೆಂಗಳೂರಿನಿಂದ ಈಗಷ್ಟೇ ಬಂದಿದ್ದೇವೆ. ಕಂಪನಿ ಕೊಟ್ಟ ತಾತ್ಕಾಲಿಕ ಅಪಾರ್ಟ್‌ಮೆಂಟಿನಲ್ಲಿದ್ದೇವೆ.

ಅದೂ ವಾಸವೇ. ಕಂಪನಿಯ ವಸತಿ ಪತ್ರ, ಅಪಾರ್ಟ್‌ಮೆಂಟಿನ ಬುಕಿಂಗ್ ದಾಖಲೆ, ಆ ವಿಳಾಸಕ್ಕೆ ತೆರೆದ ಬ್ಯಾಂಕ್ ಖಾತೆಯ ಮೊದಲ ಪತ್ರ ಕೊಡಿ. ಎಷ್ಟು ದಿನ ಇರುತ್ತೀರಿ ಎಂಬುದನ್ನೂ ಮುಚ್ಚಿಡದೆ ಬರೆಯಿರಿ. ಕಾಯಂ ಮನೆಗೆ ಹೋದ ದಿನವೇ ಹೊಸ ವಿಳಾಸ ತಿಳಿಸಿ. ಎರಡು ಮನೆ ಬೇರೆ ಬೇರೆ ಡಿಸ್ಟ್ರಿಕ್ಟಿನಲ್ಲಿದ್ದರೆ ಬಿಲ್ಲು ಆ ತಾರೀಖಿಗೆ ಸರಿಯಾಗಿ ತುಂಡಾಗಬೇಕು. ಎರಡು ತಿಂಗಳು ತಡವಾಗಿ ತಿಳಿಸಿದರೆ ಹಳೆಯ ಡಿಸ್ಟ್ರಿಕ್ಟು ಕಟ್ಟಿದ ಹಣ ವಾಪಸ್ ಕೇಳುತ್ತದೆ, ಹೊಸದು ‘ಹಿಂದಿನ ತಿಂಗಳದ್ದು ನಾವ್ಯಾಕೆ ಕೊಡಬೇಕು’ ಎನ್ನುತ್ತದೆ, ನಡುವೆ ಪುರಾವೆ ಕೇಳುವ ಪತ್ರಗಳೆಲ್ಲ ನಿಮಗೆ ಬರುತ್ತವೆ.

ಮನೆಯೇ ಇಲ್ಲದಂತಾಗಿದೆ; ಸ್ನೇಹಿತರ ಬೇಸ್‌ಮೆಂಟಿನಲ್ಲಿದ್ದೇವೆ.

ಕೆಲಸ ಹೋಗಿ, ಬಾಡಿಗೆ ಕಟ್ಟಲಾಗದೆ, ಬೇರೆ ದಾರಿಯಿಲ್ಲದೆ ಇನ್ನೊಬ್ಬರ ಮನೆಯಲ್ಲೋ ಮೋಟೆಲಿನಲ್ಲೋ ಇದ್ದರೆ ಒಕ್ಕೂಟದ ಮೆಕಿನಿ-ವೆಂಟೊ ಕಾಯ್ದೆ ಆ ಮಕ್ಕಳಿಗೆ ಅನ್ವಯವಾಗುತ್ತದೆ. ವಾಸದ ಪುರಾವೆ ಇಲ್ಲದಿದ್ದರೂ ತಕ್ಷಣ ಸೇರಿಸಿಕೊಳ್ಳಬೇಕು, ಕಾಗದ ಆಮೇಲೆ. ತಕರಾರು ಎದ್ದರೆ ಅದು ಇತ್ಯರ್ಥವಾಗುವವರೆಗೂ ಮಗು ಶಾಲೆಯಲ್ಲೇ ಇರುತ್ತದೆ, ನಿರಾಕರಣೆಯ ಕಾರಣವನ್ನು ಬರೆದು ಕೊಡಬೇಕು. ಪ್ರತಿ ಡಿಸ್ಟ್ರಿಕ್ಟಿನಲ್ಲೂ ಇದಕ್ಕೆಂದೇ ಒಬ್ಬ ಸಂಪರ್ಕಾಧಿಕಾರಿ ಇರುತ್ತಾರೆ. ಅವರನ್ನು ಹೆಸರು ಹಿಡಿದು ಕೇಳಿ. ಸ್ನೇಹಿತರ ಲೀಸಿನಲ್ಲಿ ನಿಮ್ಮ ಹೆಸರಿಲ್ಲ ಎಂದು ಹೆದರಿ ಹಳೆಯ ವಿಳಾಸವನ್ನೇ ಮುಂದುವರಿಸುವವರಿದ್ದಾರೆ. ಅದೇ ತಪ್ಪಾಗುತ್ತದೆ: ನಿಜ ಹೇಳಿದ್ದರೆ ಕಾಯ್ದೆಯ ರಕ್ಷಣೆ ಸಿಗುತ್ತಿತ್ತು, ಹೇಳದೆ ಸುಳ್ಳು ವಿಳಾಸ ಕೊಟ್ಟವರಾಗುತ್ತೀರಿ.

ಮನೆಯೊಳಗಿನ ಹಿಂಸೆಯಿಂದ ತಪ್ಪಿಸಿಕೊಂಡು ಬಂದು ವಿಳಾಸ ಗುಟ್ಟಾಗಿಡಬೇಕಾದವರಿಗೆ ರಾಜ್ಯದ ವಿಳಾಸ ಗೋಪ್ಯತಾ ಯೋಜನೆ ಇದೆ. ಅದರಲ್ಲಿ ಸಿಗುವ ಬದಲಿ ವಿಳಾಸ ಪೋಸ್ಟ್ ಬಾಕ್ಸ್ ಆಗಿದ್ದರೂ ಸರ್ಕಾರಿ ಕಚೇರಿಗಳಲ್ಲಿ ನಡೆಯುತ್ತದೆ.

ಆನ್‌ಲೈನ್ ಶಾಲೆ ತಾನೆ, ಆರು ತಿಂಗಳು ಊರಿಗೆ ಹೋಗಿ ಅಲ್ಲಿಂದಲೇ ಓದಿಸಬಹುದಾ?

ಬಹಳ ಜನ ಸೈಬರ್ ಶಾಲೆ ಆರಿಸುವುದೇ ಈ ಆಸೆಯಿಂದ. ಮನೆ ಪೆನ್ಸಿಲ್ವೇನಿಯಾದಲ್ಲೇ ಇದ್ದು, ಅಜ್ಜಿಗೆ ಹುಷಾರಿಲ್ಲವೆಂದು ಎರಡು ವಾರ ಮೈಸೂರಿಗೆ ಹೋಗಿ ಬರುವುದು ಪ್ರವಾಸ, ವಾಸ ಬದಲಾಗುವುದಿಲ್ಲ. ಲೀಸ್ ಮುಗಿಸಿ, ಸಾಮಾನು ಸ್ಟೋರೇಜಿಗೆ ಹಾಕಿ, ಒಂದು ಸೆಮಿಸ್ಟರ್ ಅಲ್ಲೇ ಕೂತರೆ ಆ ತಿಂಗಳುಗಳಲ್ಲಿ ಪೆನ್ಸಿಲ್ವೇನಿಯಾದ ಯಾವ ಡಿಸ್ಟ್ರಿಕ್ಟಿನಲ್ಲೂ ನೀವು ಇಲ್ಲ. ಹಣ ಕೊಡಲು ಯಾವ ಡಿಸ್ಟ್ರಿಕ್ಟೂ ಬದ್ಧವಲ್ಲ. ನಡುವಿನ ಪ್ರಕರಣಗಳಲ್ಲಿ (ಅಪ್ಪ ಇಲ್ಲಿ ಕೆಲಸದಲ್ಲಿ, ಅಮ್ಮ ಮಕ್ಕಳು ಅಲ್ಲಿ ಮೂರು ತಿಂಗಳು) ಹೊರಡುವ ಮುಂಚೆಯೇ ಶಾಲೆಗೆ ಬರೆದು ಒಪ್ಪಿಗೆ ಪಡೆಯಿರಿ, ಹಿಂದಿರುಗುವ ಟಿಕೆಟ್ ತಾರೀಖು ತಿಳಿಸಿ.

ಒಪ್ಪಿಗೆ ಸಿಕ್ಕರೂ ಎರಡು ಸಂಗತಿ ಅಡ್ಡ ಬರುತ್ತವೆ. ಶಾಲೆಯ ಲ್ಯಾಪ್‌ಟಾಪನ್ನು ದೇಶದಾಚೆ ಒಯ್ಯಲು ಕೆಲವು ಶಾಲೆಗಳು ಬಿಡುವುದಿಲ್ಲ, ವಿದೇಶದಿಂದ ಲಾಗಿನ್ ಆದರೆ ತಡೆಯುವ ವ್ಯವಸ್ಥೆಯೂ ಇರಬಹುದು. ವಿಪಿಎನ್ ಹಾಕಿ ತಪ್ಪಿಸಿಕೊಳ್ಳುವುದು ವಾಸದ ತಕರಾರಿನಲ್ಲಿ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ. ಎರಡನೆಯದು ಗಡಿಯಾರ. ಇಲ್ಲಿ ಬೆಳಿಗ್ಗೆ 8.30ರ ತರಗತಿ ಬೆಂಗಳೂರಿನಲ್ಲಿ ಸಂಜೆ 6. ನವೆಂಬರಿನಲ್ಲಿ ಇಲ್ಲಿ ಗಡಿಯಾರ ಹಿಂದೆ ತಿರುಗಿಸಿದ ಮೇಲೆ ರಾತ್ರಿ 7. ನೇರ ತರಗತಿ ಮುಗಿಯುವ ಹೊತ್ತಿಗೆ ಅಲ್ಲಿ ನಡುರಾತ್ರಿ ದಾಟಿರುತ್ತದೆ. ಮಗು ನಿದ್ದೆಗೆ ಜಾರಿ ಹಾಜರಿ ತಪ್ಪುತ್ತದೆ. ಸಕಾರಣವಿಲ್ಲದೆ ಶಾಲಾ ವರ್ಷದಲ್ಲಿ 3 ದಿನ ಗೈರಾದರೆ ಕಾಯ್ದೆಯ ಲೆಕ್ಕದಲ್ಲಿ ಅದು ಚಕ್ಕರ್, 6 ದಿನವಾದರೆ ರೂಢಿಗತ ಚಕ್ಕರ್. ಸತತ 10 ಶಾಲಾ ದಿನ ಕಾರಣ ಕೊಡದೆ ಗೈರಾದರೆ ಹಾಜರಿ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ.

ಓಹಾಯೊ, ಕ್ಯಾಲಿಫೋರ್ನಿಯಾದಲ್ಲೂ ಹೀಗೇನಾ?

ಇಲ್ಲ. ಓಹಾಯೊದಲ್ಲಿ ಇ-ಶಾಲೆಗಳು ಸೇರುವಾಗ ಮತ್ತು ಪ್ರತಿ ವರ್ಷ ವಾಸ ಪರಿಶೀಲಿಸಬೇಕು, ದಾಖಲೆಗಳನ್ನು ತಿಂಗಳಿಗೊಮ್ಮೆ ನೋಡುತ್ತಿರಬೇಕು. ಕ್ರಯಪತ್ರ, ಲೀಸ್, ಮನೆ ವಿಮೆ, ಆಸ್ತಿ ತೆರಿಗೆ ಬಿಲ್ ಜೊತೆಗೆ, ಸೇರುವ ದಿನಕ್ಕೆ 90 ದಿನದೊಳಗಿನ ಕರೆಂಟ್ ಬಿಲ್ ಅಥವಾ ಸಂಬಳದ ಚೀಟಿ ನಡೆಯುತ್ತದೆ. 2021–22ರಿಂದ ಅಲ್ಲಿ ಹಣ ರಾಜ್ಯದಿಂದ ನೇರವಾಗಿ ಶಾಲೆಗೆ ಹೋಗುವುದರಿಂದ ಡಿಸ್ಟ್ರಿಕ್ಟಿನ ಜೊತೆ ಜಟಾಪಟಿಯ ಬಿಸಿ ಇಳಿದಿದೆ.

ಕ್ಯಾಲಿಫೋರ್ನಿಯಾದಲ್ಲಿ ಗಡಿ ಕೌಂಟಿಯದ್ದು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು). ಆನ್‌ಲೈನ್ ಚಾರ್ಟರ್ ಶಾಲೆ ತನ್ನ ಕೌಂಟಿ ಮತ್ತು ಅದಕ್ಕೆ ತಾಗಿದ ಕೌಂಟಿಗಳ ಮಕ್ಕಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಆಲಮೀಡಾ ಕೌಂಟಿಯ ಫ್ರೀಮಾಂಟಿನವರಿಗೆ ಪಕ್ಕದ ಸಾಂತಾ ಕ್ಲಾರಾ ಕೌಂಟಿಯ ಶಾಲೆ ಆಗುತ್ತದೆ, ಲಾಸ್ ಏಂಜಲೀಸಿನದ್ದು ಆಗುವುದಿಲ್ಲ. ಅಲ್ಲಿ ಮನೆ ಬದಲಿಸಿದರೆ ನಿಜವಾಗಿಯೂ ಸೀಟು ಹೋಗಬಹುದು.

ಸೈಬರ್ ಶಾಲೆ ಬಿಡಿಸುತ್ತಿದ್ದೇವೆ. ವಿಳಾಸದ ಗೊಡವೆ ಮುಗಿಯಿತಾ?

ಇನ್ನೊಂದು ಹೆಜ್ಜೆ ಇದೆ. ಬಿಟ್ಟ 15 ದಿನದೊಳಗೆ ವಾಸದ ಡಿಸ್ಟ್ರಿಕ್ಟಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಇಲ್ಲೂ ಶಾಲೆಯ ಜೊತೆ ಪೋಷಕರೂ ಹೊಣೆ. ಬಿಟ್ಟ ದಿನ ಮತ್ತು ಹೊಸ ಶಾಲೆಗೆ ಸೇರಿದ ದಿನದ ನಡುವೆ ಖಾಲಿ ದಿನ ಬರದಂತೆ ನೋಡಿಕೊಳ್ಳಿ: ಕಡ್ಡಾಯ ಶಿಕ್ಷಣ 6ರಿಂದ 18 ವರ್ಷದವರೆಗೆ, ಆ ಖಾಲಿ ದಿನಗಳೂ ಗೈರುಹಾಜರಿಯ ಲೆಕ್ಕಕ್ಕೆ ಬರಬಹುದು. ಡಿಸ್ಟ್ರಿಕ್ಟಿನ ಶಾಲೆಗೆ ಸೇರಿಸುವುದಾದರೆ ಬೇಕಾದ ಕಾಗದ ಕೈಸೇರಿದ 5 ಕೆಲಸದ ದಿನದೊಳಗೆ ಅವರು ಮಗುವನ್ನು ಸೇರಿಸಿಕೊಳ್ಳಬೇಕು. ಲ್ಯಾಪ್‌ಟಾಪ್, ಪ್ರಿಂಟರ್ ವಾಪಸ್ ಕಳಿಸುವಾಗ ಕೊರಿಯರ್ ರಸೀದಿಯನ್ನು ಜೋಪಾನ ಮಾಡಿ. ಅದರ ಮೇಲೂ ನಿಮ್ಮ ವಿಳಾಸ, ತಾರೀಖು ಇರುತ್ತದೆ.